ಗಾಜಿನಲ್ಲಿ ಬೆಳಗುವ ಏಳು ಸಂಸ್ಕಾರಗಳು

ಬಣ್ಣದ ಗಾಜಿನ ಕಿಟಕಿಗಳಿರುವ ಯಾವುದಾದರೂ ದೇವಾಲಯಕ್ಕೆ ನೀವು ಹೋದಾಗ, ಒಳಗೆ ಕಾಲಿಡುವ ಮೊದಲು ಹೊರಗೆ ನಿಂತು ಆ ಕಿಟಕಿಗಳನ್ನು ನೋಡಿರಿ. ಅವು ಮಂಕಾಗಿ, ಕಪ್ಪಾಗಿ, ಧೂಳು ಹಿಡಿದ ಹಲಗೆಗಳಂತೆ ಕಾಣುತ್ತವೆ. ಅಲ್ಲಿ ಚಿತ್ರವೇನಿದೆ, ಬಣ್ಣ ಯಾವುದು ಎಂಬುದು ಸರಿಯಾಗಿ ತಿಳಿಯುವುದಿಲ್ಲ. ಅನಂತರ ಒಳಗೆ ಬಂದು ಅದೇ ಕಿಟಕಿಯನ್ನು ನೋಡಿರಿ. ಕೆಂಪು, ನೀಲಿ, ಹಳದಿ, ಹಸಿರು ಬಣ್ಣಗಳು ಜೀವ ತಳೆದಿರುತ್ತವೆ. ಕಿಟಕಿ ಬದಲಾಗಿಲ್ಲ, ಸೂರ್ಯನೂ ಬದಲಾಗಿಲ್ಲ. ಬದಲಾಗಿರುವುದು ನಾವು ನಿಂತಿರುವ ಜಾಗ ಮಾತ್ರ.

ಸಂಸ್ಕಾರಗಳ ವಿಷಯವೂ ಹೀಗೆಯೇ. ಹೊರಗೆ ನಿಂತು ನೋಡುವವನಿಗೆ ಜ್ಞಾನಸ್ನಾನವೆಂದರೆ ಮಗುವಿನ ತಲೆಯ ಮೇಲೆ ಸುರಿದ ಒಂದಿಷ್ಟು ನೀರು. ಪರಮಪ್ರಸಾದವೆಂದರೆ ಒಂದು ತುಣುಕು ರೊಟ್ಟಿ. ಅಭ್ಯಂಗನವೆಂದರೆ ಹಣೆಗೆ ಹಚ್ಚಿದ ಎಣ್ಣೆ. ವಿಶ್ವಾಸದ ಒಳಗೆ ನಿಂತು ನೋಡುವವನಿಗೆ ಅದೇ ನೀರು, ಅದೇ ರೊಟ್ಟಿ, ಅದೇ ಎಣ್ಣೆ ದೇವರ ಬೆಳಕಿನಿಂದ ತುಂಬಿರುತ್ತವೆ. ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಲಿತ ಪಾಠ ಇದೇ ಅಲ್ಲವೇ? ಕಾಣದ ವರಪ್ರಸಾದವನ್ನು ಕಾಣುವ ಗುರುತಿನ ಮೂಲಕ ನಮಗೆ ಕೊಡಲು ಪ್ರಭು ಕ್ರಿಸ್ತರು ಸ್ಥಾಪಿಸಿದ ಸಾಧನವೇ ಸಂಸ್ಕಾರ. ಅದಕ್ಕಾಗಿಯೇ ಹಿಂದಿನ ಕಾಲದ ವಿಶ್ವಾಸಿಗಳು ಸಂಸ್ಕಾರಗಳನ್ನು ಕಲಿಸಲು ಗಾಜಿನ ಕಿಟಕಿಗಳನ್ನೂ ಬಳಸಿಕೊಂಡರು. ಈ ವಾರ ಅಂಥ ಕೆಲವು ಕಿಟಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

ಓದು ಬಾರದವರ ಪುಸ್ತಕ

ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೇಲ್ ನಗರದ ಧರ್ಮಾಧ್ಯಕ್ಷ ಸೆರೆನುಸರು ತಮ್ಮ ದೇವಾಲಯದ ಚಿತ್ರಗಳನ್ನು ಒಡೆಸಿ ಹಾಕಿದರು. ಜನರು ಅವುಗಳನ್ನೇ ಆರಾಧಿಸಿಬಿಡುತ್ತಾರೆಂಬ ಭಯ ಅವರಿಗೆ. ಆಗ ಪೋಪ್ ಸಂತ ಮಹಾ ಗ್ರೆಗೊರಿಯವರು ಅವರಿಗೆ ಪತ್ರ ಬರೆದು, ಚಿತ್ರವನ್ನು ಆರಾಧಿಸುವುದು ಬೇರೆ, ಚಿತ್ರದ ಮೂಲಕ ಆರಾಧಿಸಬೇಕಾದವರನ್ನು ಅರಿಯುವುದು ಬೇರೆ ಎಂದು ತಿದ್ದಿದರು. ಪುಸ್ತಕ ಓದಲಾರದವರು ಗೋಡೆಯ ಮೇಲಿನ ಚಿತ್ರವನ್ನು ನೋಡಿ ಓದುತ್ತಾರೆಂಬುದು ಅವರ ವಾದ. ಧರ್ಮಸಭೆ ಈ ಮಾತನ್ನು ಎಂದೂ ಮರೆಯಲಿಲ್ಲ.

ಪ್ಯಾರಿಸ್ ಬಳಿಯ ಸಂತ ದೆನಿಸರ ಮಠದಲ್ಲಿ ಮಠಾಧಿಪತಿ ಸುಗೇರರು ದೇವಾಲಯದ ಪೂರ್ವಭಾಗವನ್ನು ಹೊಸದಾಗಿ ಕಟ್ಟಿಸಿದರು. ಅದು 1144ರ ಜೂನ್ 11ರಂದು ಪ್ರತಿಷ್ಠೆಯಾಯಿತು. ದಪ್ಪ ಗೋಡೆಗಳ ಬದಲು ತೆಳುವಾದ ಕಂಬಗಳು, ಅವುಗಳ ನಡುವೆ ದೊಡ್ಡ ದೊಡ್ಡ ಬಣ್ಣದ ಕಿಟಕಿಗಳು. ಅಲ್ಲಿನ ಒಂದು ಚಿತ್ರದ ಬಗ್ಗೆ ಸುಗೇರರೇ ಬರೆದಿಟ್ಟಿದ್ದಾರೆ. ಹಳೆಯ ಒಡಂಬಡಿಕೆಯ ಪ್ರವಾದಿಗಳು ಧಾನ್ಯದ ಮೂಟೆಗಳನ್ನು ಹೊತ್ತು ತರುತ್ತಾರೆ. ಸಂತ ಪೌಲರು ಬೀಸುವ ಕಲ್ಲನ್ನು ತಿರುಗಿಸುತ್ತಾರೆ. ಹಿಟ್ಟು ಹೊಟ್ಟಿನಿಂದ ಬೇರೆಯಾಗುತ್ತದೆ. ಹಳೆಯ ಒಡಂಬಡಿಕೆಯ ಕಾಳು, ಹೊಸ ಒಡಂಬಡಿಕೆಯಲ್ಲಿ ಎಲ್ಲರೂ ಉಣ್ಣುವ ರೊಟ್ಟಿಯಾಗುತ್ತದೆ. ಬೀಸುವ ಕಲ್ಲನ್ನು ಬಲ್ಲ ರೈತನಿಗೆ ಇದಕ್ಕಿಂತ ಸುಲಭವಾದ ಪಾಠ ಇನ್ನೊಂದಿರಲಾರದು.

ಈ ಗಾಜನ್ನು ತಯಾರಿಸುತ್ತಿದ್ದುದು ಮರಳು ಮತ್ತು ಮರದ ಬೂದಿಯಿಂದ. ಎರಡನ್ನೂ ಕುಲುಮೆಯಲ್ಲಿ ಕರಗಿಸಿ, ನೀಲಿ ಬಣ್ಣಕ್ಕೆ ಕೋಬಾಲ್ಟ್, ಕೆಂಪಿಗೆ ತಾಮ್ರ, ನೇರಳೆಗೆ ಮ್ಯಾಂಗನೀಸ್ ಸೇರಿಸುತ್ತಿದ್ದರು. ಮುಖ, ಕೈ, ಬಟ್ಟೆಯ ನೆರಿಗೆಗಳನ್ನು ಕಪ್ಪು ಬಣ್ಣದಿಂದ ಬರೆದು ಮತ್ತೆ ಸುಡುತ್ತಿದ್ದರು. ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸುತ್ತಿದ್ದರು. ಮರಳು ಮತ್ತು ಬೂದಿ, ಎರಡೂ ಕಾಲಡಿಯ ವಸ್ತುಗಳು. ಬೆಂಕಿಯಲ್ಲಿ ಹಾದು ಬಂದ ಮೇಲೆ ಅವು ಬೆಳಕನ್ನು ಹೊರಬಲ್ಲವು. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ನಮಗೆ ಇದರಲ್ಲಿಯೂ ಒಂದು ಧ್ಯಾನವಿದೆ.

ಪ್ರಭುವಿನ ಗಾಯಗಳಿಂದ ಏಳು ಗೆರೆಗಳು

ಏಳು ಸಂಸ್ಕಾರಗಳನ್ನೂ ಒಟ್ಟಾಗಿ ತೋರಿಸುವ ಹಳೆಯ ಕಿಟಕಿಗಳು ಇಂದು ಬಹಳ ಕಡಿಮೆ. ಅವುಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಡೆವನ್ ಸೀಮೆಯ ಡಾಡಿಸ್ಕೂಮ್ಸ್‌ಲೀ ಎಂಬ ಸಣ್ಣ ಹಳ್ಳಿಯಲ್ಲಿದೆ. ಅಲ್ಲಿನ ಸಂತ ಮಿಕಾಯೇಲರ ದೇವಾಲಯದಲ್ಲಿ 15ನೆಯ ಶತಮಾನದ ಈ ಕಿಟಕಿ ಉಳಿದುಬಂದಿದೆ. ನಡುವೆ ಪ್ರಭು ಕ್ರಿಸ್ತರು. ಸುತ್ತಲೂ ಒಂದೊಂದು ಸಂಸ್ಕಾರದ ಒಂದೊಂದು ಚಿಕ್ಕ ದೃಶ್ಯ. ಕ್ರಿಸ್ತರ ಗಾಯಗಳಿಂದ ಕೆಂಪು ಗೆರೆಗಳು ಹೊರಟು ಆ ದೃಶ್ಯಗಳನ್ನು ಮುಟ್ಟುತ್ತವೆ. ಅವು ಪ್ರಭುವಿನ ರಕ್ತದ ಧಾರೆಗಳು.

ಚಿತ್ರಕಾರ ಈ ಕಲ್ಪನೆಯನ್ನು ತನ್ನ ತಲೆಯಿಂದ ಹುಟ್ಟಿಸಲಿಲ್ಲ. ಸೈನಿಕನೊಬ್ಬ ಈಟಿಯಿಂದ ತಿವಿದಾಗ ಪ್ರಭುವಿನ ಪಕ್ಕೆಯಿಂದ ರಕ್ತವೂ ನೀರೂ ಹರಿದವೆಂದು ಸಂತ ಯೊವಾನ್ನರು ಸಾಕ್ಷಿ ನುಡಿದಿದ್ದಾರೆ (ಯೊವಾನ್ನ 19:34). ನೀರು ಜ್ಞಾನಸ್ನಾನದ ಗುರುತು, ರಕ್ತ ಪರಮಪ್ರಸಾದದ ಗುರುತು ಎಂದು ಸಂತ ಕ್ರಿಸೋಸ್ತೊಮರು ಬೋಧಿಸಿದರು. ನಿದ್ರಿಸುತ್ತಿದ್ದ ಆದಾಮನ ಪಕ್ಕೆಯಿಂದ ಹವ್ವಳು ಬಂದಂತೆ, ಶಿಲುಬೆಯ ಮೇಲೆ ಮರಣಿಸಿದ ಕ್ರಿಸ್ತರ ಪಕ್ಕೆಯಿಂದ ಧರ್ಮಸಭೆ ಹುಟ್ಟಿತೆಂದು ಸಂತ ಅಗುಸ್ತೀನರೂ ಹೇಳಿದರು. ಸಂಸ್ಕಾರಗಳು ಏಳು ಎಂಬ ಎಣಿಕೆ 12ನೆಯ ಶತಮಾನದಲ್ಲಿ ಪೇತ್ರ ಲೊಂಬಾರ್ಡರ ಬೋಧನೆಯಲ್ಲಿ ಸ್ಪಷ್ಟವಾಯಿತು. 1439ರಲ್ಲಿ ಫ್ಲಾರೆನ್ಸಿನ ಮಹಾಸಭೆ ಅದನ್ನು ಬೋಧಿಸಿತು. 1547ರಲ್ಲಿ ಟ್ರೆಂಟಿನ ಮಹಾಸಭೆ ಅದನ್ನು ವಿಶ್ವಾಸದ ಸತ್ಯವೆಂದು ಘೋಷಿಸಿತು.

ಅದೇ 1547ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಆಜ್ಞೆ ಹೊರಟಿತು. ಬಾಲರಾಜ ಆರನೆಯ ಎಡ್ವರ್ಡನ ಸರ್ಕಾರವು ಗೋಡೆಗಳ ಮೇಲೆ ಮಾತ್ರವಲ್ಲ, ಗಾಜಿನ ಕಿಟಕಿಗಳಲ್ಲಿಯೂ ಇದ್ದ ಚಿತ್ರಗಳನ್ನು ನಾಶಪಡಿಸಲು ಹೇಳಿತು. ಒಂದು ಶತಮಾನದ ನಂತರ, 1643–44ರಲ್ಲಿ, ವಿಲಿಯಂ ಡೌಸಿಂಗ್ ಎಂಬವನು ಸಫೋಕ್ ಮತ್ತು ಕೇಂಬ್ರಿಜ್ ಸೀಮೆಗಳಲ್ಲಿ ಊರಿಂದೂರಿಗೆ ಹೋಗಿ ದೇವಾಲಯಗಳ ಚಿತ್ರಗಳನ್ನು ಒಡೆಸಿ, ಒಡೆದದ್ದನ್ನು ದಿನಚರಿಯಲ್ಲಿ ಲೆಕ್ಕ ಬರೆದಿಟ್ಟನು. ಆ ಕಾಲದ ಬಿರುಗಾಳಿಗಳನ್ನು ದಾಟಿ ಡೆವನ್ನಿನ ಈ ಕಿಟಕಿ ಉಳಿಯಿತು. ಆದರೆ ಪೂರ್ತಿಯಾಗಿ ಉಳಿಯಲಿಲ್ಲ. ನಡುವಿನ ಕ್ರಿಸ್ತರ ಚಿತ್ರವೇ ಕಳೆದುಹೋಗಿತ್ತು. ಇಂದು ಅಲ್ಲಿ ಕಾಣುವ ಕ್ರಿಸ್ತರ ಚಿತ್ರ 19ನೆಯ ಶತಮಾನದಲ್ಲಿ ಹೊಸದಾಗಿ ಮಾಡಿಸಿ ಕೂರಿಸಿದ್ದು. ಆ ದೇವಾಲಯ ಈಗ ಆಂಗ್ಲಿಕನ್ ಸಭೆಯದು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಸುತ್ತಲಿನ ಏಳು ದೃಶ್ಯಗಳು ಉಳಿದು, ನಡುವಿನ ಕ್ರಿಸ್ತರು ಇಲ್ಲವಾದರೆ ಏನಾಗುತ್ತದೆ? ಕೆಂಪು ಗೆರೆಗಳು ಎಲ್ಲಿಂದ ಹೊರಟವೋ ತಿಳಿಯದು. ನಾಮಕರಣದ ಊಟ ಉಳಿಯುತ್ತದೆ, ಮೊದಲ ಪರಮಪ್ರಸಾದದ ಬಿಳಿ ಉಡುಪು ಉಳಿಯುತ್ತದೆ, ಮದುವೆಯ ಫೋಟೋ ಆಲ್ಬಂ ಉಳಿಯುತ್ತದೆ. ಕ್ರಿಸ್ತರು ಮಾತ್ರ ಇರುವುದಿಲ್ಲ. ಕಿಟಕಿಯನ್ನು ಒಡೆಯಲು ರಾಜನ ಆಜ್ಞೆಯೇ ಬೇಕಿಲ್ಲ. ನಮ್ಮ ಮನೆಗಳಲ್ಲಿ ನಡುವಿನ ಗಾಜು ಸದ್ದಿಲ್ಲದೆ ಕಳಚಿ ಬೀಳಬಹುದು.

ಒಂದೊಂದು ಸಂಸ್ಕಾರದ ಗುರುತು

ಈಗ ಕಿಟಕಿಗಳಲ್ಲಿ ಏಳು ಸಂಸ್ಕಾರಗಳನ್ನು ಗುರುತಿಸುವುದು ಹೇಗೆಂದು ನೋಡೋಣ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಭಾಗವನ್ನು ಓದಿರಿ.

ಜ್ಞಾನಸ್ನಾನ: ನೀರು, ಚಿಪ್ಪು, ಪಾರಿವಾಳ, ತೊರೆಗೆ ಬಂದ ಬಾಯಾರಿದ ಜಿಂಕೆ (ಕೀರ್ತನೆ 42) ಇದರ ಗುರುತುಗಳು. ಇಂಗ್ಲೆಂಡಿನ ಕ್ಯಾಂಟರ್ಬರಿ ಪ್ರಧಾನಾಲಯದ 12ನೆಯ ಶತಮಾನದ ಗಾಜಿನಲ್ಲಿ ನೋಹನು ನಾವೆಯಿಂದ ಕೈಚಾಚಿ ಪಾರಿವಾಳವನ್ನು ಬರಮಾಡಿಕೊಳ್ಳುವ ಚಿತ್ರವಿದೆ. ಜಲಪ್ರಳಯದಿಂದ ಎಂಟು ಜನ ಪಾರಾದದ್ದು ಜ್ಞಾನಸ್ನಾನದ ಮುನ್ಸೂಚನೆಯೆಂದು ಸಂತ ಪೇತ್ರರು ಬರೆದಿದ್ದಾರೆ (1 ಪೇತ್ರ 3:20-21). ಹಲವು ಕಡೆ ಜ್ಞಾನಸ್ನಾನದ ತೊಟ್ಟಿಗೆ ಎಂಟು ಮೂಲೆಗಳಿರುತ್ತವೆ. ವಾರದ ಏಳು ದಿನಗಳ ಆಚೆಗಿನ ಎಂಟನೆಯ ದಿನ, ಪುನರುತ್ಥಾನದ ದಿನ, ಎಂಬುದು ಅದರ ಅರ್ಥ.

ದೃಢೀಕರಣ: ಅಗ್ನಿಜ್ವಾಲೆ, ಪಾರಿವಾಳ, ಧರ್ಮಾಧ್ಯಕ್ಷರ ಚಾಚಿದ ಕೈ. ಮಧ್ಯಯುಗದ ಚಿತ್ರಗಳಲ್ಲಿ ತಾಯಂದಿರು ಎಳೆಯ ಕೂಸುಗಳನ್ನು ಧರ್ಮಾಧ್ಯಕ್ಷರ ಬಳಿಗೆ ಎತ್ತಿಕೊಂಡು ಬರುವುದನ್ನು ಕಂಡು ಆಶ್ಚರ್ಯಪಡಬೇಡಿರಿ. ಆ ಕಾಲದಲ್ಲಿ ಈ ಸಂಸ್ಕಾರವನ್ನು ಬಹಳ ಎಳೆಯ ಮಕ್ಕಳಿಗೂ ಕೊಡುತ್ತಿದ್ದರು. ಇಲ್ಲಿ ಮೊದಲು ಕಾಣುವುದು ದೇವರ ಕೊಡುಗೆ, ನಮ್ಮ ಅರ್ಹತೆಯಲ್ಲ.

ಪರಮಪ್ರಸಾದ: ಗೋಧಿಯ ತೆನೆ, ದ್ರಾಕ್ಷಿಗೊಂಚಲು, ಕುರಿಮರಿ, ಮನ್ನ, ರೊಟ್ಟಿ ದ್ರಾಕ್ಷಾರಸ ಹಿಡಿದ ಮೆಲ್ಕಿಸದೇಕ. ಪೆಲಿಕನ್ ಹಕ್ಕಿ ತನ್ನ ಎದೆಯನ್ನು ಕುಕ್ಕಿ ರಕ್ತದಿಂದ ಮರಿಗಳನ್ನು ಬದುಕಿಸುತ್ತದೆಂಬುದು ಬರಿಯ ದಂತಕಥೆ. ಆದರೂ ತನ್ನನ್ನೇ ಆಹಾರವಾಗಿ ಕೊಟ್ಟ ಪ್ರಭುವಿಗೆ ಅದು ಒಳ್ಳೆಯ ಉಪಮೆಯಾಯಿತು. ಕ್ಯಾಂಟರ್ಬರಿಯ ಇನ್ನೊಂದು ಗಾಜಿನಲ್ಲಿ ಇಬ್ಬರು ಕೋಲಿನ ಮೇಲೆ ದೊಡ್ಡ ದ್ರಾಕ್ಷಿಗೊಂಚಲನ್ನು ಹೊತ್ತು ತರುತ್ತಾರೆ (ಸಂಖ್ಯಾಕಾಂಡ 13:23). ಹಳೆಯ ವ್ಯಾಖ್ಯಾನಕಾರರು ಇದನ್ನು ಹೀಗೆ ಓದಿದರು: ಕೋಲಿಗೆ ತೂಗುವ ಗೊಂಚಲು ಶಿಲುಬೆಯ ಮೇಲಿನ ಕ್ರಿಸ್ತರು. ಮುಂದೆ ನಡೆಯುವವನು ಹಳೆಯ ಒಡಂಬಡಿಕೆಯವನು, ಹೊರುತ್ತಾನೆ ಆದರೆ ಕಾಣನು. ಹಿಂದೆ ನಡೆಯುವವನು ಗೊಂಚಲನ್ನು ನೋಡುತ್ತಲೇ ನಡೆಯುತ್ತಾನೆ. ನಾವು ಹಿಂದಿನವನ ಸ್ಥಾನದಲ್ಲಿದ್ದೇವೆ. ನೋಡುತ್ತಿದ್ದೇವೆಯೇ?

ಪಾಪಸಂಕೀರ್ತನೆ: ಬೀಗದ ಕೈಗಳು, ಮೊಣಕಾಲೂರಿದ ಮನುಷ್ಯ, ಹರಸುವ ಗುರುವಿನ ಕೈ. ಈಗಿನ ಪಾಪನಿವೇದನೆಯ ಪೀಠ ಬಳಕೆಗೆ ಬಂದದ್ದು 16ನೆಯ ಶತಮಾನದಲ್ಲಿ, ಮಿಲಾನಿನ ಸಂತ ಚಾರ್ಲ್ಸ್ ಬೊರೊಮೆಯೊ ಅವರ ಕಾಲದಲ್ಲಿ. ಅದಕ್ಕಿಂತ ಹಳೆಯ ಚಿತ್ರಗಳಲ್ಲಿ ಗುರುಗಳು ಬಯಲಲ್ಲೇ ಕುಳಿತಿರುತ್ತಾರೆ. ಫ್ರಾನ್ಸಿನ ಶಾರ್ತ್ರ್ ಮತ್ತು ಬೂರ್ಜ್ ಪ್ರಧಾನಾಲಯಗಳಲ್ಲಿ ದಾರಿತಪ್ಪಿದ ಮಗನ ಕತೆಗೇ ಒಂದೊಂದು ಇಡೀ ಕಿಟಕಿಯಿದೆ. ಪಾಪದ ಕತೆ ಅಲ್ಲಿ ಪಾಪದಲ್ಲಿ ಮುಗಿಯುವುದಿಲ್ಲ. ತಂದೆಯ ಮನೆಯ ಔತಣದವರೆಗೂ ಸಾಗುತ್ತದೆ.

ಗುರುದೀಕ್ಷೆ: ಪಾನಪಾತ್ರೆ, ಸ್ತೋಲ, ತಲೆಯ ಮೇಲಿಟ್ಟ ಕೈಗಳು. ಗುರುಗಳೂ ಮನುಷ್ಯರೇ ಅಲ್ಲವೇ, ಅವರ ಕುಂದುಗಳಿಂದ ಸಂಸ್ಕಾರ ಕೆಡುವುದಿಲ್ಲವೇ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಸಂಸ್ಕಾರದ ಶಕ್ತಿ ಬೆಳಕಿನಂತೆ, ಅಶುದ್ಧವಾದುದರ ಮೂಲಕ ಹಾದುಬಂದರೂ ಬೆಳಕು ಅಶುದ್ಧವಾಗದು ಎಂದು ಸಂತ ಅಗುಸ್ತೀನರು ಉತ್ತರಿಸಿದರು. ಗಾಜು ಬೆಳಕನ್ನು ಹುಟ್ಟಿಸುವುದಿಲ್ಲ, ದಾಟಿಸುತ್ತದೆ. ಹಾಗೆಂದು ಗಾಜನ್ನು ಒರೆಸದೆ ಬಿಡಬೇಕೆಂದಲ್ಲ. ಗುರುಗಳಿಗಾಗಿ ಪ್ರಾರ್ಥಿಸುವುದು ನಮ್ಮೆಲ್ಲರ ಕರ್ತವ್ಯ.

ವಿವಾಹ: ಜೋಡಿಸಿದ ಬಲಗೈಗಳು, ಉಂಗುರ, ಮತ್ತು ಕಾನಾ ಊರಿನ ಆರು ಕಲ್ಲಿನ ಬಾನೆಗಳು (ಯೊವಾನ್ನ 2:6). ಕ್ಯಾಂಟರ್ಬರಿಯ ಕಿಟಕಿಯಲ್ಲಿ ಕಾನಾ ಊರಿನ ಅದ್ಭುತದ ಪಕ್ಕದಲ್ಲಿ ಲೋಕದ ಆರು ಯುಗಗಳನ್ನೂ ಮನುಷ್ಯನ ಆರು ಪ್ರಾಯಗಳನ್ನೂ ತೋರಿಸಿದ್ದಾರೆ. ಶೈಶವದಿಂದ ಮುಪ್ಪಿನವರೆಗೆ ಒಂದೊಂದು ಪ್ರಾಯವೂ ಒಂದೊಂದು ಬಾನೆ. ನೀರನ್ನು ದ್ರಾಕ್ಷಾರಸವಾಗಿ ಮಾರ್ಪಡಿಸುವ ಪ್ರಭು ಮದುವೆಯ ದಿನಕ್ಕೆ ಮಾತ್ರ ಅತಿಥಿಯಲ್ಲ. ಮದುವೆಯಾಗಿ ನಲವತ್ತು ವರ್ಷ ಕಳೆದ ದಂಪತಿಗಳೇ, ನಿಮ್ಮ ಈಗಿನ ಬಾನೆಯನ್ನೂ ಅವರ ಮುಂದಿಡಿರಿ.

ರೋಗಿಗಳ ಅಭ್ಯಂಗನ: ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಕುಟುಂಬಗಳಲ್ಲಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದ ಸಂಸ್ಕಾರ ಇದು.

ಎಣ್ಣೆ ಸುರಿದ ಸಮಾರ್ಯದವನು

ಶಾರ್ತ್ರ್ ಪ್ರಧಾನಾಲಯದಲ್ಲಿ 13ನೆಯ ಶತಮಾನದ ಆರಂಭದ ಒಂದು ಕಿಟಕಿಯಿದೆ. ಅದರ ಕೆಳಭಾಗದಲ್ಲಿ ತಮ್ಮ ಕೆಲಸದಲ್ಲಿ ತೊಡಗಿರುವ ಚಪ್ಪಲಿ ಹೊಲಿಯುವವರ ಚಿತ್ರಗಳಿವೆ; ಕಿಟಕಿಯ ದಾನಿಗಳು ಅವರೇ ಎಂದು ತಿಳಿಯಲಾಗಿದೆ. ಕಿಟಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಯೆರೂಸಲೇಮಿನಿಂದ ಹೊರಟ ಪ್ರಯಾಣಿಕನನ್ನು ಕಳ್ಳರು ಹೊಡೆದು ಬೀಳಿಸುತ್ತಾರೆ. ಯಾಜಕನೂ ಲೇವಿಯನೂ ದಾಟಿ ಹೋಗುತ್ತಾರೆ. ಸಮಾರ್ಯದವನು ಗಾಯಗಳನ್ನು ಕಟ್ಟಿ ಛತ್ರಕ್ಕೆ ಕರೆದೊಯ್ಯುತ್ತಾನೆ. ಅದರ ಮೇಲೆ, ಅದೇ ಕಿಟಕಿಯಲ್ಲಿ, ಆದಾಮ ಹವ್ವರ ಸೃಷ್ಟಿ ಮತ್ತು ಪತನದ ಕತೆ. ಎರಡನ್ನೂ ಏಕೆ ಜೋಡಿಸಿದರು? ಬಿದ್ದ ಪ್ರಯಾಣಿಕನು ಆದಾಮ, ಅಂದರೆ ನಾವೆಲ್ಲರೂ. ಸಮಾರ್ಯದವನು ಕ್ರಿಸ್ತರು. ಛತ್ರವೇ ಧರ್ಮಸಭೆ. ಅವನು ಗಾಯಕ್ಕೆ ಸುರಿದದ್ದು ಎಣ್ಣೆ ಮತ್ತು ದ್ರಾಕ್ಷಾರಸ (ಲೂಕ 10:34), ಇಂದಿಗೂ ಸಂಸ್ಕಾರಗಳಲ್ಲಿ ಬಳಕೆಯಲ್ಲಿರುವ ವಸ್ತುಗಳು.

ಈ ಕತೆಯಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಎಣ್ಣೆ ಸುರಿದಾಗ ಆ ಮನುಷ್ಯ ಅರೆಜೀವವಾಗಿದ್ದನು, ಸತ್ತಿರಲಿಲ್ಲ. ಸಮಾರ್ಯದವನು ಅವನ ಸಾವಿಗಾಗಿ ಕಾಯಲಿಲ್ಲ. ನಾವೋ ಕಾಯುತ್ತೇವೆ. ಅಜ್ಜಿಗೆ ಕಾಯಿಲೆ ಹೆಚ್ಚಾದರೆ ವೈದ್ಯರನ್ನು ಕರೆಯುತ್ತೇವೆ, ದೂರದ ನೆಂಟರಿಗೆ ಫೋನ್ ಮಾಡುತ್ತೇವೆ. ಗುರುಗಳನ್ನು ಕರೆಯೋಣವೇ ಎಂದು ಯಾರಾದರೂ ಕೇಳಿದರೆ, ‘ಈಗಲೇ ಬೇಡ, ಅವರು ಹೆದರಿಬಿಡುತ್ತಾರೆ’ ಎನ್ನುತ್ತೇವೆ. ಕೊನೆಗೆ ಮಾತು ನಿಂತು, ಪ್ರಜ್ಞೆ ತಪ್ಪಿದ ಮೇಲೆ ಗುರುಗಳ ಮನೆಗೆ ಓಡುತ್ತೇವೆ. ಪಾಪನಿವೇದನೆ ಮಾಡಬಹುದಾಗಿದ್ದ ನಾಲಿಗೆ ಸುಮ್ಮನಾಗಿರುತ್ತದೆ. ಪರಮಪ್ರಸಾದ ಸ್ವೀಕರಿಸಬಹುದಾಗಿದ್ದ ಬಾಯಿ ತೆರೆಯುವುದಿಲ್ಲ. ಹೆದರಿದ್ದು ಅಜ್ಜಿಯಲ್ಲ, ನಾವು.

‘ಕೊನೆಯ ಅಭ್ಯಂಗನ’ ಎಂಬ ಹಳೆಯ ಹೆಸರು ಈ ಭಯವನ್ನು ಬೆಳೆಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪ್ರಕಟಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನದಲ್ಲಿ, ಇದನ್ನು ರೋಗಿಗಳ ಅಭ್ಯಂಗನವೆಂದು ಕರೆಯುವುದೇ ಹೆಚ್ಚು ಸೂಕ್ತವೆಂದೂ, ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರ ಇದು ಮೀಸಲಲ್ಲವೆಂದೂ ಸ್ಪಷ್ಟಪಡಿಸಿತು. ರೋಗದಿಂದಲೋ ಮುಪ್ಪಿನಿಂದಲೋ ಅಪಾಯ ಕಾಣತೊಡಗಿದಾಗಲೇ ಇದಕ್ಕೆ ತಕ್ಕ ಸಮಯ ಬಂದಿರುತ್ತದೆ. 1972ರಲ್ಲಿ ಪೋಪ್ ಆರನೆಯ ಪೌಲರು ಇದರ ವಿಧಿಯನ್ನು ಹೊಸದಾಗಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನು ಪಡೆಯಬಹುದು. ಗುಣವಾಗಿ ಮತ್ತೆ ಗಂಭೀರ ಕಾಯಿಲೆ ಬಂದರೆ ಮತ್ತೊಮ್ಮೆ ಪಡೆಯಬಹುದು. ಸಭೆಯ ಹಿರಿಯರನ್ನು ಕರೆಸಬೇಕೆಂದು ಸಂತ ಯಕೋಬರು ಬರೆದದ್ದು ರೋಗಿಗೆ (ಯಕೋಬ 5:14-15), ಶವಕ್ಕಲ್ಲ.

ನಮ್ಮ ದೇವಾಲಯಗಳಲ್ಲಿ

ದೂರದ ಕಿಟಕಿಗಳನ್ನು ನೋಡಲು ನಮ್ಮಲ್ಲಿ ಹೆಚ್ಚಿನವರು ಹೋಗಲಾರೆವು. ಮೈಸೂರಿಗೆ ಹೋಗಬಲ್ಲೆವು. ಅಲ್ಲಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ 1933ರಲ್ಲಿ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಅದರ ಬಣ್ಣದ ಕಿಟಕಿಗಳಲ್ಲಿ ಪ್ರಭುವಿನ ಜನನ, ಕೊನೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣದ ದೃಶ್ಯಗಳಿವೆ. ಮುಂದಿನ ಸಲ ಹೋದಾಗ ಫೋಟೋ ತೆಗೆದು ಹೊರಟುಬಿಡಬೇಡಿರಿ. ಕೊನೆಯ ಭೋಜನದ ಕಿಟಕಿಯಿಂದ ಶಿಲುಬೆಯ ಕಿಟಕಿಗೆ, ಅಲ್ಲಿಂದ ಬಲಿಪೀಠಕ್ಕೆ ಕಣ್ಣು ಹಾಯಿಸಿರಿ. ಡೆವನ್ನಿನ ಕುಶಲಕರ್ಮಿ ಎಳೆದ ಕೆಂಪು ಗೆರೆ ಇಲ್ಲಿ ಕಣ್ಣಿಗೆ ಕಾಣದಿದ್ದರೂ, ಅದೇ ಗೆರೆ ಇಲ್ಲಿಯೂ ಇದೆ.

ನಿಮ್ಮ ಧರ್ಮಕೇಂದ್ರದ ದೇವಾಲಯದಲ್ಲಿ ಬಣ್ಣದ ಗಾಜು ಇಲ್ಲವೇ? ಚಿಂತೆಯಿಲ್ಲ. ಜ್ಞಾನಸ್ನಾನದ ತೊಟ್ಟಿ, ಪಾಸ್ಖ ಮೇಣದಬತ್ತಿ, ಪವಿತ್ರ ತೈಲಗಳು, ಬಲಿಪೀಠ ಇವೇ ನಿಮ್ಮ ಕಿಟಕಿಗಳು.

ಮನೆಯಲ್ಲಿ ಮಾಡಿರಿ

1. ಈ ವಾರದ ಒಂದು ಸಂಜೆ ಜಪಸರದ ನಂತರ, ಮನೆಯ ಪ್ರತಿಯೊಬ್ಬರ ಜ್ಞಾನಸ್ನಾನದ ದಿನಾಂಕವನ್ನು ಹುಡುಕಿ ಒಂದು ಕಾಗದದಲ್ಲಿ ಬರೆದಿಡಿರಿ. ಗೊತ್ತಿಲ್ಲದಿದ್ದರೆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಕೇಳಿ ತಿಳಿಯಿರಿ.

2. ಮಕ್ಕಳಿಗೆ ಒಂದು ದೊಡ್ಡ ಹಾಳೆ ಮತ್ತು ಬಣ್ಣದ ಪೆನ್ಸಿಲ್ ಕೊಡಿರಿ. ನಡುವೆ ಪ್ರಭು ಕ್ರಿಸ್ತರನ್ನು ಮೊದಲು ಬರೆಯಲಿ. ಅನಂತರ ಸುತ್ತಲೂ ಏಳು ಗುರುತುಗಳನ್ನು ಬರೆದು ಕೆಂಪು ಗೆರೆಗಳಿಂದ ಸೇರಿಸಲಿ.

3. ಕೊನೆಯ ಬಾರಿ ಪಾಪಸಂಕೀರ್ತನೆ ಮಾಡಿದ್ದು ಯಾವಾಗ ಎಂದು ದೊಡ್ಡವರು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಉತ್ತರವನ್ನು ಯಾರಿಗೂ ಹೇಳಬೇಕಿಲ್ಲ. ಈ ಶನಿವಾರ ದೇವಾಲಯಕ್ಕೆ ಹೋದರೆ ಸಾಕು.

4. ಮನೆಯಲ್ಲಿ ಅಥವಾ ನೆರೆಯಲ್ಲಿ ಗಂಭೀರ ಕಾಯಿಲೆಯವರೋ ಮುಪ್ಪಿನಿಂದ ಬಳಲಿದವರೋ ಇದ್ದರೆ, ಅವರಿಗೆ ಮಾತನಾಡುವ ಶಕ್ತಿಯಿರುವಾಗಲೇ ಗುರುಗಳನ್ನು ಕರೆಯಿರಿ. ಕುಟುಂಬದವರೆಲ್ಲರೂ ಹಾಸಿಗೆಯ ಸುತ್ತ ನಿಂತು ಪ್ರಾರ್ಥಿಸಿರಿ. ಹಳೆಯ ಗಾಜಿನ ಚಿತ್ರದಲ್ಲಿಯೂ ರೋಗಿ ಒಬ್ಬಂಟಿಯಾಗಿಲ್ಲ.

ಪ್ರಾರ್ಥನೆ

ಪ್ರಭುವೇ, ನಿಮ್ಮ ತೆರೆದ ಪಕ್ಕೆಯಿಂದ ನಮಗೆ ಜೀವ ಹರಿದುಬಂದಿತು. ನೀರಿನಲ್ಲಿ, ಎಣ್ಣೆಯಲ್ಲಿ, ರೊಟ್ಟಿಯಲ್ಲಿ, ಕ್ಷಮೆಯ ಮಾತಿನಲ್ಲಿ ನಿಮ್ಮನ್ನು ಕಾಣುವ ಕಣ್ಣನ್ನು ನಮ್ಮ ಕುಟುಂಬಕ್ಕೆ ಕೊಡಿರಿ. ನಮ್ಮ ರೋಗಿಗಳನ್ನು ನಿಮ್ಮ ಕೈಯಿಂದ ಮುಟ್ಟಿರಿ. ನಮ್ಮ ಮನೆಯ ನಡುವಿನಿಂದ ನೀವು ಎಂದೂ ಇಲ್ಲವಾಗದಂತೆ ಕಾಯಿರಿ. ಆಮೆನ್.